ಎಸ್19 ಹ್ಯಾಶ್‌ಬೋರ್ಡ್ 0 ಆಸಿಕ್ ತೋರಿಸ್ತಿದೆ: ಚಿಪ್ ತೆಗೆಯುವ ಮೊದಲು ಏನೇನು ನೋಡಬೇಕು?

ಕರಾವಳಿ_ಕರೆಂಟ್ (ಮಸ್ಕತ್)

ನಮಸ್ಕಾರ. ಮೊಬೈಲ್, ಇನ್ವರ್ಟರ್ ಬೋರ್ಡಿನ ಕೆಲಸ ಗೊತ್ತುಂಟು, ಬಿಟ್‌ಕಾಯಿನ್ ಮೈನರ್‌ನ ಹ್ಯಾಶ್‌ಬೋರ್ಡ್ (ಲೆಕ್ಕ ಹಾಕುವ ಚಿಪ್ಪುಗಳ ಬೋರ್ಡು) ಹೊಸತು. ಮಷೀನ್ ಆಂಟ್‌ಮೈನರ್ ಎಸ್19, ಸೆಕೆಂಡಿಗೆ 95 ಟೆರಾಹ್ಯಾಶ್ ಲೆಕ್ಕ ಹಾಕುವಂಥದ್ದು. ಮೂರು ಬೋರ್ಡು, ಒಂದೊಂದರಲ್ಲಿ 76 ಬಿಎಂ1398 ಚಿಪ್ (ಲಾಗಿನಲ್ಲಿ ಇವಕ್ಕೇ ಆಸಿಕ್ ಅಂತ, ಬೋರ್ಡಿಗೆ ಚೈನ್ ಅಂತ ಹೆಸರು).

ಲಾಗಿನಲ್ಲಿ ಚೈನ್ 0 ಮತ್ತು ಚೈನ್ 1ಕ್ಕೆ 76 ಬರ್ತದೆ. ಚೈನ್ 2ಕ್ಕೆ ಮಾತ್ರ "ಓನ್ಲಿ ಫೈಂಡ್ 0 ಆಸಿಕ್, ವಿಲ್ ಪವರ್ ಆಫ್ ಹ್ಯಾಶ್ ಬೋರ್ಡ್ 2". ಸಿಗ್ನಲ್ ಕೇಬಲ್ ಬದಲಿಸಿದೆ, ಕಂಟ್ರೋಲ್ ಬೋರ್ಡಿನಲ್ಲಿ ಸಾಕೆಟ್ ಬದಲಿಸಿದೆ. ಸೊನ್ನೆ ಆ ಬೋರ್ಡಿನ ಹಿಂದೆಯೇ ಹೋಗ್ತದೆ, ಹಾಗಾಗಿ ದೋಷ ಬೋರ್ಡಿನದ್ದೇ. ಇನ್ನೊಂದು ಮಷೀನಿನ ಬೋರ್ಡ್ ಒಮ್ಮೆ 76, ಒಮ್ಮೆ 31 ತೋರಿಸ್ತದೆ. ಅದು ಬೇರೆ ಕಥೆ, ಅದರ ಬಗ್ಗೆಯೂ ಗೊತ್ತಿದ್ದವರು ಹೇಳಿ.

ಕೈಯಲ್ಲಿರುವುದು: ಒಳ್ಳೆ ಮಲ್ಟಿಮೀಟರ್, 858 ಮಾದರಿಯ ಹಾಟ್ ಏರ್, ಕರೆಂಟ್ ಮಿತಿ ಇಡಬಹುದಾದ ಬೆಂಚ್ ಸಪ್ಲೈ, ಎಸ್19ರ ಟೆಸ್ಟ್ ಫಿಕ್ಸ್ಚರ್ (ಬೋರ್ಡನ್ನು ಮಷೀನಿನ ಹೊರಗೆ ಪರೀಕ್ಷಿಸುವ ಸಾಧನ, ಇನ್ನೂ ಒಮ್ಮೆಯೂ ಹಚ್ಚಿಲ್ಲ). 76 ಚಿಪ್ಪಿನಲ್ಲಿ ಯಾವುದು ಹಾಳು ಅಂತ ಕಂಡುಹಿಡಿಯುವುದು ಹೇಗೆ ಮಾರಾಯ್ರೆ? ಒಂದೊಂದೇ ತೆಗೆದು ನೋಡುವುದಾ?

---

ಡೊಮೇನ್_38

ಒಂದೊಂದೇ ತೆಗೆದು ನೋಡೋಕೆ ಹೋದ್ರೆ ಸರಿಯಾಗಿರೋ ಬೋರ್ಡೂ ಸಾಯುತ್ತೆ. 0 ಬಂತು ಅಂದ ಮಾತ್ರಕ್ಕೆ 76 ಚಿಪ್ಪೂ ಹೋಗಿದೆ ಅಂತಲ್ಲ. ಒಂದೇ ಚಿಪ್ ಕೆಟ್ಟು ಉಳಿದ 75 ಮಾತಾಡೋಕೆ ಆಗದೆ ಕೂತಿರೋದೇ ಹೆಚ್ಚು.

ಬೋರ್ಡಿನ ಒಳಗಿನ ವ್ಯವಸ್ಥೆ ಅರ್ಥ ಆದ್ರೆ ಉಳಿದದ್ದು ಸುಲಭ. 76 ಚಿಪ್ಪು 38 ಡೊಮೇನ್‌ಗಳಲ್ಲಿವೆ, ಅಂದ್ರೆ ಒಂದೇ ವೋಲ್ಟೇಜ್ ಹಂಚಿಕೊಳ್ಳೋ ಗುಂಪುಗಳಲ್ಲಿ, ಡೊಮೇನಿಗೆ ಎರಡು. ಡೊಮೇನಿನೊಳಗೆ ಎರಡು ಚಿಪ್ ಪ್ಯಾರಲಲ್, 38 ಡೊಮೇನ್ ಒಂದರ ಮೇಲೊಂದು ಸೀರೀಸ್. ಬೋರ್ಡಿಗೆ 13.7 ವೋಲ್ಟ್ ಆಸುಪಾಸು ಬಂದ್ರೆ ಡೊಮೇನಿಗೆ 0.36 ವೋಲ್ಟ್. ಅದರ ಜೊತೆ ಪ್ರತಿ ಡೊಮೇನಿಗೂ ಚಿಕ್ಕ ರೆಗ್ಯುಲೇಟರುಗಳಿಂದ 1.8 ವೋಲ್ಟ್ ಮತ್ತು 0.8 ವೋಲ್ಟ್ ಬೇರೆ ಬರುತ್ತೆ. ಕೆಳಗಿನ ಡೊಮೇನ್‌ಗಳ ರೆಗ್ಯುಲೇಟರಿಗೆ ಮೇಲಿನ ಡೊಮೇನ್‌ಗಳಿಂದಲೇ ವೋಲ್ಟೇಜ್ ಸಿಗುತ್ತೆ. ಆದ್ರೆ ಕೊನೆಯ ಕೆಲವು ಡೊಮೇನ್‌ಗಳ ಮೇಲೆ ಯಾರೂ ಇಲ್ಲವಲ್ಲ, ಅದಕ್ಕೇ ಬೋರ್ಡಿನಲ್ಲಿ ಒಂದು ಬೂಸ್ಟ್ ಸರ್ಕ್ಯೂಟ್ ಇಟ್ಟಿದ್ದಾರೆ. ಅದು 19 ವೋಲ್ಟ್ ಹತ್ತಿರ ಕೊಡುತ್ತೆ. ಬೂಸ್ಟ್ ಸತ್ರೆ ಕೊನೆಯ ಡೊಮೇನ್‌ಗಳ ಚಿಪ್ಪಿಗೆ 1.8 ಇಲ್ಲ, ಅವು ಚಿಪ್ಪುಗಳ ಉತ್ತರ ತರೋ ಗೆರೆಯನ್ನ ಕೆಳಗೆಳೆದು ಕೂತ್ರೆ ಇಡೀ ಬೋರ್ಡ್ ಮೂಗ.

ಇನ್ನು ಸಿಗ್ನಲ್. ಐದು ಗೆರೆ: ಸಿಎಲ್‌ಕೆ, ಸಿಓ, ಆರ್‌ಐ, ಬಿಓ, ಆರ್‌ಎಸ್‌ಟಿ. 25 ಮೆಗಾಹರ್ಟ್ಸ್ ಕ್ರಿಸ್ಟಲ್‌ನಿಂದ ಹುಟ್ಟೋ ಕ್ಲಾಕ್ (ಸಿಎಲ್‌ಕೆ), ಆಜ್ಞೆ ಒಯ್ಯೋ ಸಿಓ, ರಿಸೆಟ್ (ಆರ್‌ಎಸ್‌ಟಿ), ಇವು 1ನೇ ಚಿಪ್ಪಿನಿಂದ 76ರ ಕಡೆ ಹೋಗ್ತವೆ. ಉತ್ತರ ತರೋ ಆರ್‌ಐ ಮಾತ್ರ ತಿರುಗಿ ಬರೋದು, 76ರಿಂದ 1ರ ಕಡೆಗೆ. ಕಟ್ಟಡದ ಕೆಲಸದಲ್ಲಿ ಸಾಲಾಗಿ ನಿಂತು ಇಟ್ಟಿಗೆ ಕೈಯಿಂದ ಕೈಗೆ ದಾಟಿಸ್ತಾರಲ್ಲ, ಹಾಗೆ ಪ್ರತಿ ಚಿಪ್ಪೂ ಹಿಂದಿನವನ ಉತ್ತರವನ್ನ ಮುಂದಿನವನಿಗೆ ದಾಟಿಸಬೇಕು. ಮೀಟರಿನಲ್ಲಿ ಸರಿಯಾಗಿರೋ ಬೋರ್ಡಿಗೆ ಸಿಎಲ್‌ಕೆ ಸುಮಾರು 0.9, ಸಿಓ, ಆರ್‌ಐ, ಆರ್‌ಎಸ್‌ಟಿ ಮೂರೂ 1.8ರ ಹತ್ತಿರ, ಬಿಓ 0.

ಆರ್‌ಐ ಗೆರೆ ಸುಮ್ಮನಿದ್ದಾಗ ಮೇಲೇ ಇರಬೇಕು, ಅಂದ್ರೆ 1.8. ನಡುವೆ ಒಂದು ಚಿಪ್ ಅದನ್ನ ಕೆಳಗೆ ಹಿಡಿದುಕೊಂಡ್ರೆ ಅದರಿಂದ 1ರ ಕಡೆಗೆ ಇರೋ ಒಳ್ಳೆ ಚಿಪ್ಪುಗಳ ಉತ್ತರವೂ ಕಂಟ್ರೋಲ್ ಬೋರ್ಡಿಗೆ ತಲುಪಲ್ಲ, ಲೆಕ್ಕ 0. ಬದಲಿಗೆ ಗೆರೆ ಮೇಲೇ ಇದ್ದು ಸಂಪರ್ಕ ಮಾತ್ರ ಕಡಿದಿದ್ರೆ ಕಡಿದ ಜಾಗದವರೆಗೆ ಲೆಕ್ಕ ಸಿಗುತ್ತೆ, ನಿಮ್ಮ 31ರ ಹಾಗೆ. ಎರಡು ಬೋರ್ಡಿನ ರೋಗ ಬೇರೆ ಬೇರೆ ಅನ್ನೋದು ಇದರಿಂದಲೇ ಗೊತ್ತಾಗುತ್ತೆ.

ಈಗ ಕೆಲಸ. ಕರೆಂಟ್ ಕೊಡೋ ಮೊದಲು ಹೀಟ್‌ಸಿಂಕ್ ಬಿಚ್ಚಿ, ಹಳೆ ಪೇಸ್ಟ್ ಒರೆಸಿ, ಭೂತಗನ್ನಡಿ ಹಿಡಿದು ನೋಡಿ. ನೀವು ಸಮುದ್ರದ ಪಕ್ಕ ಇರೋದ್ರಿಂದ ಗಾಳಿ ನುಗ್ಗೋ ಕಡೆಯ ಅಂಚು, ಟೆಸ್ಟ್ ಪಾಯಿಂಟ್‌ಗಳ ಮೇಲಿನ ಹಸಿರು ಕಿಲುಬು, 18 ಪಿನ್ ಸಾಕೆಟ್ ಒಳಗೆ, ಇವನ್ನ ಬಿಡಬೇಡಿ. ಆಮೇಲೆ ಮೀಟರನ್ನ ಓಮ್‌ಗೆ ಹಾಕಿ 38 ಡೊಮೇನ್‌ಗಳನ್ನೂ ಒಂದೊಂದಾಗಿ ಅಳೆದು ಕಾಗದದಲ್ಲಿ ಬರ್ಕೊಳ್ಳಿ. ಇಷ್ಟೇ ಇರಬೇಕು ಅನ್ನೋ ಸಂಖ್ಯೆ ಹುಡುಕಬೇಡಿ. ಪಕ್ಕದವುಗಳಿಗೆ ಹೋಲಿಸಿ ಯಾವುದು ಎದ್ದು ಕಾಣುತ್ತೆ ಅನ್ನೋದೇ ಮುಖ್ಯ. ಡೊಮೇನ್ ಅಷ್ಟೇ ಅಲ್ಲ, ಅದರದರ 1.8 ಮತ್ತು 0.8 ಪಾಯಿಂಟನ್ನೂ ಅದೇ ಡೊಮೇನಿನ ಗ್ರೌಂಡಿಗೆ ಅಳೆಯಿರಿ. ಶಾರ್ಟ್ ಇದ್ರೆ ಇಲ್ಲೇ ಸಿಕ್ಕಿಬೀಳುತ್ತೆ.

ಮೀಟರಿನ ಮೊನೆಗೆ ಸೂಜಿ ಬೆಸೆದು, ತುದಿ ಒಂದು ಮಿಲಿಮೀಟರ್ ಬಿಟ್ಟು ಉಳಿದದ್ದಕ್ಕೆ ಹೀಟ್‌ಶ್ರಿಂಕ್ ಹಾಕಿ. ಇದು ಅತಿ ಅನ್ನಿಸಬಹುದು. ಕರೆಂಟ್ ಇರುವಾಗ ಮೊನೆ ಜಾರಿ 1.8 ಪಾಯಿಂಟನ್ನೂ 0.36 ಪಾಯಿಂಟನ್ನೂ ಒಟ್ಟಿಗೆ ಮುಟ್ಟಿದ್ರೆ ಅಳೆಯೋಕೆ ಹೋಗಿ ಎರಡು ಚಿಪ್ ಕಳ್ಕೊಂಡ ಹಾಗೆ.

ಫಿಕ್ಸ್ಚರಿಗೆ ಹಾಕೋ ಕ್ರಮ ತಪ್ಪಬಾರದು: ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್, ಕೊನೆಗೆ ಸಿಗ್ನಲ್ ಕೇಬಲ್. ತೆಗೆಯುವಾಗ ತಿರುಗಾ ಮುರುಗಾ: ಸಿಗ್ನಲ್, ಪಾಸಿಟಿವ್, ಕೊನೆಗೆ ನೆಗೆಟಿವ್. ನೆಗೆಟಿವ್ ಇಲ್ಲದೆ ಸಿಗ್ನಲ್ ಕೇಬಲ್ ಚುಚ್ಚಿದ್ರೆ ಬೋರ್ಡಿನ ಕರೆಂಟಿಗೆ ವಾಪಸ್ ದಾರಿ ಅಂತ ಉಳಿಯೋದು ಆ ತೆಳು ತಂತಿಗಳು ಮಾತ್ರ. ಸಾಕೆಟ್ ಪಕ್ಕದ ಯು1, ಯು2 ಲೆವೆಲ್ ಕನ್ವರ್ಟರ್ ಐಸಿಗಳು (ಸಿಗ್ನಲ್ ವೋಲ್ಟೇಜ್ ಹೊಂದಿಸೋವು) ಹೋಗ್ತವೆ. ಆಗಲೂ ಲಾಗಿನಲ್ಲಿ ಬರೋದು 0 ಆಸಿಕ್ಕೇ! ಒಳ್ಳೇ ಚಿಪ್ ಕಿತ್ತು ಹಾಕಿದ ಮೇಲೆ ಯು2 ಹೋಗಿತ್ತು ಅಂತ ಗೊತ್ತಾಗೋದು ಈ ಕಸುಬಿನಲ್ಲಿ ಮಾಮೂಲು.

ಕರೆಂಟ್ ಕೊಟ್ಟ ಮೇಲೆ ಅಳೆಯೋ ಕ್ರಮ: ಬೋರ್ಡಿನ ಒಟ್ಟು ವೋಲ್ಟೇಜ್, ಸ್ವಿಚ್ಚಿನ ಕೆಲಸ ಮಾಡೋ ಮಾಸ್‌ಫೆಟ್ ದಾಟಿ ಡೊಮೇನ್‌ಗಳಿಗೆ ಬರ್ತಿದೆಯಾ (ಇಲ್ಲಾಂದ್ರೆ ಮಾಸ್‌ಫೆಟ್, ಅದನ್ನ ಆನ್ ಮಾಡೋ ಪಿಕ್ ಅನ್ನೋ ಚಿಕ್ಕ ಕಂಟ್ರೋಲರ್ ಚಿಪ್ ನೋಡಬೇಕು), 38 ಡೊಮೇನ್ ವೋಲ್ಟೇಜ್, ಬೂಸ್ಟ್, 1.8, 0.8, ಕೊನೆಗೆ ಸಿಗ್ನಲ್. ಈ ಕ್ರಮದಲ್ಲಿ ಮೇಲಿನದು ಸರಿ ಇಲ್ಲದೆ ಕೆಳಗಿನದು ಅಳೆದು ಪ್ರಯೋಜನ ಇಲ್ಲ.

ಹೊಸಬರು ಎಡವೋದು ಗ್ರೌಂಡಿನಲ್ಲಿ. ಕಪ್ಪು ಮೊನೆಯನ್ನ ಬೋರ್ಡಿನ ನೆಗೆಟಿವ್‌ಗೇ ಸಿಕ್ಕಿಸಿಟ್ಟು ಕೆಂಪು ಮೊನೆ ಓಡಾಡಿಸಬೇಡಿ. ಉದಾಹರಣೆಗೆ 15ನೇ ಡೊಮೇನಿನ ಗ್ರೌಂಡೇ 14 × 0.36, ಅಂದ್ರೆ 5.04 ವೋಲ್ಟ್ ಎತ್ತರದಲ್ಲಿ ಕೂತಿದೆ. ಅಲ್ಲಿನ 1.8 ನಿಮಗೆ 6.84 ಅಂತ ಕಾಣುತ್ತೆ. ಪ್ರತಿ ಡೊಮೇನಿಗೂ ಅದರದೇ ಗ್ರೌಂಡಿಗೆ ಕಪ್ಪು ಮೊನೆ ಬದಲಾಯಿಸಿ.

ಇಷ್ಟು ಮಾಡಿ ಸಂಖ್ಯೆಗಳನ್ನ ಇಲ್ಲಿ ಹಾಕಿ, ಮುಂದಿನದು ಆಮೇಲೆ.

---

ಹುಬ್ಬಳ್ಳಿ_ಹಾಟ್‌ಏರ್

ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ. ನಾ ಬೆಸುಗಿ ವಿಷಯ ಅಷ್ಟ ಹೇಳ್ತೀನಿ, ಯಾಕಂದ್ರ ಮೊಬೈಲ್ ಬೋರ್ಡ್ ಮಾಡಿದ ಕೈ ಇಲ್ಲಿ ಮೋಸ ಹೋಗತೈತಿ.

ಬರೇ 858 ಹಿಡಕೊಂಡು ಚಿಪ್ ತೆಗ್ಯಾಕ ಹೋಗಬ್ಯಾಡ್ರಿ. ಹ್ಯಾಶ್‌ಬೋರ್ಡಿನ ಒಳಗ ತಾಮ್ರ ಭಾಳ ದಪ್ಪ ಐತಿ, ಮ್ಯಾಲಿಂದ ಕೊಟ್ಟ ಬಿಸಿನೆಲ್ಲಾ ಅದ ನುಂಗತೈತಿ. ನೀವು ಕರಗವಲ್ತು ಅಂತ 450 ಡಿಗ್ರಿಗೆ ಏರಸ್ತೀರಿ, ಪ್ಯಾಡ್ ಎದ್ದು ಬರತಾವ. ಕೆಳಗ ಪ್ರೀಹೀಟರ್ ಬೇಕ ಬೇಕು. ಬೋರ್ಡ್ ಪೂರ್ತಿ 130–150 ಡಿಗ್ರಿಗೆ ಬರೂತನಕ ನಾಕೈದು ನಿಮಿಷ ಸುಮ್ನ ಕೂಡ್ರಿ. ಆಮ್ಯಾಲೆ ಮ್ಯಾಲಿಂದ 340–360 ಸಾಕು. ಗಾಳಿ ಕಡಿಮಿ ಇಡ್ರಿ, ಇಲ್ಲಾಂದ್ರ ಪಕ್ಕದ ಸಣ್ಣ ಕೆಪಾಸಿಟರ್ ಹಾರಿ ಹೋಗತಾವ. ಆಜೂಬಾಜೂ ಚಿಪ್ಪಿಗೆ ಕ್ಯಾಪ್ಟಾನ್ ಟೇಪ್ ಹಚ್ರಿ.

ಚಿಮಟಾ ಹಿಡದು ಎಳೀಬ್ಯಾಡ್ರಿ. ಬದಿಯಿಂದ ಹಗೂರಕ ಮುಟ್ಟಿ ನೋಡ್ರಿ, ಚಿಪ್ ತಾನ ತೇಲಿದಂಗ ಜರಗಿದ್ರ ಆಗ ಎತ್ರಿ. ತೆಗದ ಮ್ಯಾಲೆ ಸೋಲ್ಡರ್ ವಿಕ್ ಹಚ್ಚಿ ಪ್ಯಾಡ್ ಸಾಪ್ ಮಾಡ್ರಿ, ತಿಕ್ಕಬ್ಯಾಡ್ರಿ, ವಿಕ್ ತಾನ ಹೀರಲಿ. ಹೊಸಾ ಚಿಪ್ಪಿನ ತಳಕ್ಕ ಸ್ಟೆನ್ಸಿಲ್ ಇಟ್ಟು ಪೇಸ್ಟ್ ಹಚ್ಚಿ ಮೊದಲ ತವರ ಹಿಡಿಸಿಕೊಳ್ರಿ. ಬೋರ್ಡಿನ ಮ್ಯಾಲೆ ಫ್ಲಕ್ಸ್ ತೆಳ್ಳಗ, ಚಿಪ್ಪಿನ ಚುಕ್ಕಿ ಬೋರ್ಡಿನ ಚುಕ್ಕಿಗೆ ಕೂಡಿಸಿ ಇಡ್ರಿ. ಕರಗಿದಾಗ ಚಿಪ್ಪಿನ ಮೂಲಿಗೆ ಕೂದಲೆಳಿಯಷ್ಟು ನೂಕ್ರಿ: ತಾನ ಹಿಂದ ಬಂದು ಜಾಗಾದಾಗ ಕುಂತ್ರ ಕೆಳಗಿನ ಪ್ಯಾಡೆಲ್ಲಾ ಹಿಡದಾವ. ನೂಕಿದ ಕಡೆನ ನಿಂತ್ರ ತವರ ಕಡಿಮಿ ಇಲ್ಲಾ ಬಿಸಿ ಕಡಿಮಿ.

ಇನ್ನ ಒಂದ್ ಮುಖ್ಯ ಮಾತು. ಅಂಗಡ್ಯಾಗ 138 ಡಿಗ್ರಿಗೆ ಕರಗೂ ಬೆಸುಗಿ ಪೇಸ್ಟ್ ಸಿಗತೈತಿ, ತವರ ಮತ್ತ ಬಿಸ್ಮತ್‌ದ್ದು. ಸಲೀಸು ಕರಗತೈತಿ ಅಂತ ಎಲ್ಲಾರೂ ಅದನ್ನ ತರತಾರ. ನಿಮ್ಮ ಮೊಬೈಲ್ ಟೇಬಲ್ ಮ್ಯಾಲೆ ಸೀಸದ ತಂತಿ, 183 ಡಿಗ್ರಿದ್ದು, ಇದ್ದ ಇರತೈತಿ. ಎರಡೂ ಒಂದ ಪ್ಯಾಡಿಗೆ ಬೀಳಬಾರ್ದು. ಸೀಸ, ತವರ, ಬಿಸ್ಮತ್ ಮೂರೂ ಕೂಡಿದ್ರ 96 ಡಿಗ್ರಿಗೇ ಕರಗೂ ಮಿಶ್ರಣ ಆಗತೈತಿ. ಮಷೀನ್ ಓಡೂಮುಂದ ಚಿಪ್ ಅದರ ಹತ್ತಿರಕ್ಕ ಬಿಸಿ ಆಗತೈತ್ರಿ. ಟೇಬಲ್ ಮ್ಯಾಲೆ ಪಾಸ್, ಮಷೀನಿನ್ಯಾಗ ಎರಡ ದಿನಕ್ಕ ಫೇಲ್ ಅನ್ನೂ ಬೋರ್ಡು ಹಿಂಗ ಹುಟ್ಟತಾವ. ಐರನ್ ಬಿಟ್ ಸುದ್ದಾ ಬ್ಯಾರೆ ಇಡ್ರಿ.

---

ಕರಾವಳಿ_ಕರೆಂಟ್

ಇಬ್ಬರಿಗೂ ಉಪಕಾರ. ಪ್ರೀಹೀಟರ್ ತರಿಸ್ತೇನೆ. ಅಳತೆ ಇಲ್ಲಿದೆ, ಎಲ್ಲ ಆಯಾ ಡೊಮೇನಿನ ಗ್ರೌಂಡಿಗೆ.

ಓಮ್‌ನಲ್ಲಿ ಎದ್ದು ಕಾಣುವ ಡೊಮೇನ್ ಇಲ್ಲ. ಕರೆಂಟ್ ಕೊಟ್ಟಾಗ ಬೋರ್ಡಿಗೆ 13.7, ಡೊಮೇನ್‌ಗಳು 0.35–0.37ರ ಒಳಗೆ, ಬೂಸ್ಟ್ 19ರ ಹತ್ತಿರ. 1.8 ಮತ್ತು 0.8 ಎಲ್ಲ ಕಡೆ ಸರಿ. ಸಿಎಲ್‌ಕೆ 0.9, ಸಿಓ ಮತ್ತು ಆರ್‌ಎಸ್‌ಟಿ 1ರಿಂದ 76ರವರೆಗೆ ಸರಿ.

ಆರ್‌ಐ: 76ರಿಂದ ಶುರು ಮಾಡಿ 29–30ರ ನಡುವಿನವರೆಗೆ 1.8. 28–29ರ ನಡುವೆ ಒಮ್ಮೆಲೇ 0.4. ಅಲ್ಲಿಂದ 1ರವರೆಗೆ ಎಲ್ಲವೂ ಕೆಳಗೆ.

ಫಿಕ್ಸ್ಚರಿನ ಪರದೆಯಲ್ಲಿ "ಆಸಿಕ್ ಎನ್‌ಜಿ: 0", ಅಂದರೆ ಒಂದೂ ಚಿಪ್ ಸಿಕ್ಕಿಲ್ಲ. 29ನೇ ಚಿಪ್ ತೆಗೆಯಬಹುದಾ?

---

ಡೊಮೇನ್_38

ಅಳತೆ ಚೆನ್ನಾಗಿದೆ. ಆದ್ರೆ ಇನ್ನೂ ತೆಗೀಬೇಡಿ. 28–29ರ ನಡುವಿನ ಗೆರೆಗೆ ಇಬ್ಬರು ಒಡೆಯರು: 29 ಅದನ್ನ ಓಡಿಸುತ್ತೆ, 28 ಅದನ್ನ ಕೇಳುತ್ತೆ. 29ರ ಔಟ್‌ಪುಟ್ ಸತ್ತಿರಬಹುದು, ಅಥವಾ 28ರ ಇನ್‌ಪುಟ್ ಒಳಗೇ ಶಾರ್ಟ್ ಆಗಿ ಗೆರೆಯನ್ನ ಎಳೀತಿರಬಹುದು. 27, 28 ಇರೋದು 14ನೇ ಡೊಮೇನಿನಲ್ಲಿ, 29, 30 ಇರೋದು 15ರಲ್ಲಿ.

ಇಬ್ಬರಲ್ಲಿ ಯಾರು ಅಂತ ಬಿಡಿಸೋಕೆ ಶಾರ್ಟ್ ಪರೀಕ್ಷೆ ಇದೆ. ಎರಡು ಸೂಜಿಯ ಚಿಮಟಾ ಅಥವಾ ಒಂದು ತುಂಡು ತೆಳು ತಂತಿ ಸಾಕು. ಎರಡು ಚಿಪ್ಪಿನ ನಡುವಿನ ಉತ್ತರದ ಗೆರೆಯ ಟೆಸ್ಟ್ ಪಾಯಿಂಟನ್ನ ಅಲ್ಲೇ ಪಕ್ಕದ 1.8 ವೋಲ್ಟ್ ಪಾಯಿಂಟಿಗೆ ಮುಟ್ಟಿಸಿ ಹಿಡಿದು ಫಿಕ್ಸ್ಚರಿನಲ್ಲಿ ಚಿಪ್ ಹುಡುಕೋ ಹಂತ ಓಡಿಸಿ. ಗೆರೆಯನ್ನ ನೀವೇ ಮೇಲೆ ಹಿಡಿದ ಹಾಗಾಯ್ತು. ಅದರಿಂದ ಆಚೆ ಇರೋ ಚಿಪ್ಪುಗಳು ಏನೇ ಕೂಗಿದ್ರೂ ಕೇಳಲ್ಲ, ಈಚೆ ಇರೋವು ಮಾತ್ರ ಉತ್ತರ ಕೊಡ್ತವೆ. ಲೆಕ್ಕ ನೋಡೋಕೆ ಪರದೆ ಸಾಲಲ್ಲ, ಫಿಕ್ಸ್ಚರಿನ ಸೀರಿಯಲ್ ಪೋರ್ಟಿಗೆ ಯುಎಸ್‌ಬಿ ಅಡಾಪ್ಟರ್ ಹಾಕಿ 115200 ವೇಗದಲ್ಲಿ ಲಾಗ್ ತೆರೆಯಿರಿ.

ಮೊದಲು 1–2ರ ನಡುವೆ. ಲಾಗ್ 1 ಅಂದ್ರೆ ಯು1, ಯು2, ಕೇಬಲ್, 1ನೇ ಚಿಪ್ ಎಲ್ಲ ಸರಿ. 0 ಅಂದ್ರೆ ಮುಂದೆ ಹೋಗಲೇಬೇಡಿ, ರೋಗ ಸಾಕೆಟ್ ಹತ್ತಿರವೇ ಇದೆ. ಆಮೇಲೆ 28–29ರ ನಡುವೆ. 28 ಬಂದ್ರೆ 28ನೇ ಚಿಪ್ಪಿನ ಕಿವಿ ಚೆನ್ನಾಗಿದೆ. ಆಮೇಲೆ 29–30ರ ನಡುವೆ. 29 ಬರಬೇಕು. 0 ಬಂದ್ರೆ ಕಳ್ಳ 29ನೇಯವನೇ.

ಆರ್‌ಐ ಗೆರೆ ಎಲ್ಲಿ ಬಿದ್ದಿದೆ ಅಂತ ಮೀಟರಿನಲ್ಲಿ ಸ್ಪಷ್ಟವಾಗದ ಬೋರ್ಡಿಗೂ ಇದೇ ಪರೀಕ್ಷೆ, ಅರ್ಧ ಅರ್ಧ ಮಾಡ್ತಾ ಹೋಗೋದು: 38–39ರ ನಡುವೆ ಹಿಡಿದಾಗ 38 ಬಂದ್ರೆ ಮೊದಲರ್ಧ ಸರಿ, ಆಮೇಲೆ 57–58. ಆರೇಳು ಸಲಕ್ಕೆ 76ರಲ್ಲಿ ಒಂದಕ್ಕೆ ಬಂದು ನಿಲ್ತೀರಿ.

ಎಚ್ಚರ: ಹೀಟ್‌ಸಿಂಕ್ ಬಿಚ್ಚಿದ ಬೋರ್ಡನ್ನ ಚಿಪ್ ಹುಡುಕೋ ಕೆಲವು ಸೆಕೆಂಡಿಗಷ್ಟೇ ಓಡಿಸಿ. ಫಿಕ್ಸ್ಚರ್ ಪ್ಯಾಟರ್ನ್ ಟೆಸ್ಟಿಗೆ ದಾಟೋಕೆ ಬಿಡಬೇಡಿ. ಅಲ್ಲಿ ಚಿಪ್ಪುಗಳು ನಿಜವಾಗಿ ಹ್ಯಾಶ್ ಮಾಡೋಕೆ ಶುರು ಮಾಡ್ತವೆ.

---

ರಾಕ್‌ಡೇಲ್_ರಾತ್ರಿಪಾಳಿ (ಟೆಕ್ಸಾಸ್)

ಚಿಪ್ಪಿನ ಮಾತೇ ಆಯಿತು, ಬೋರ್ಡಿಗೆ ಕರೆಂಟ್ ತರುವ ತಾಮ್ರದ ಪಟ್ಟಿಯ, ಅಂದರೆ ಬಸ್‌ಬಾರಿನ, ಸ್ಕ್ರೂ ಬಗ್ಗೆ ಯಾರೂ ಹೇಳಲಿಲ್ಲ. ಎಸ್19 ಎಳೆಯುವುದು 3250 ವ್ಯಾಟ್, ಬೋರ್ಡಿಗೆ ಸುಮಾರು 1080. 13.7 ವೋಲ್ಟಿಗೆ ಅದು 79 ಆಂಪಿಯರ್. ಸ್ಕ್ರೂ ಸಡಿಲವಾಗಿ 5 ಮಿಲಿಓಮ್ ಸಂಪರ್ಕ ಉಳಿದರೆ ಆ ಒಂದು ಬಿಂದುವಿನಲ್ಲೇ 31 ವ್ಯಾಟ್ ಬಿಸಿ, ಒಂದು ಬೆಸುಗೆ ಐರನ್ನಿನಷ್ಟು. ತಾಮ್ರದ ಪಟ್ಟಿ ನೀಲಿಗಟ್ಟಿದ್ದರೆ, ಟರ್ಮಿನಲ್ ಸುತ್ತ ಬೋರ್ಡ್ ಕಂದಿದ್ದರೆ ಉಜ್ಜಿ, ಬದಲಾಯಿಸಿ, ಆಮೇಲೆ ಜೋಡಿಸಿ. ಇಲ್ಲದಿದ್ದರೆ ನಿಮ್ಮ ಹೊಸ ಚಿಪ್ ತಪ್ಪಿಲ್ಲದೆ ಬೈಸಿಕೊಳ್ಳುತ್ತದೆ.

ಪವರ್ ಸಪ್ಲೈ ಬಿಚ್ಚುವ ಮನಸ್ಸಿದ್ದರೆ ನೆನಪಿರಲಿ: ಎಪಿಡಬ್ಲ್ಯೂ12ರ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 400 ವೋಲ್ಟ್ ಹತ್ತಿರ ಇರುತ್ತದೆ. ಪ್ಲಗ್ ಕಿತ್ತ ಮಾತ್ರಕ್ಕೆ ಹೋಗುವುದಿಲ್ಲ. ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ.

ಇನ್ನೊಂದು, ಗಿರಾಕಿಗೆ ದರ ಹೇಳುವ ಮೊದಲು ಲೆಕ್ಕ ಹಾಕಿ. ಒಂದು ಬೋರ್ಡ್ ಅಂದರೆ 31.7 ಟೆರಾಹ್ಯಾಶ್, ದಿನಕ್ಕೆ 26 ಯೂನಿಟ್ ಕರೆಂಟ್. ಯೂನಿಟ್ಟಿಗೆ 5 ಸೆಂಟ್ ಇದ್ದರೆ ದಿನಕ್ಕೆ 1.30 ಡಾಲರ್ ಖರ್ಚು. ಗಳಿಕೆ ಪೆಟಾಹ್ಯಾಶಿಗೆ (1000 ಟೆರಾಹ್ಯಾಶ್) ದಿನಕ್ಕೆ 40 ಡಾಲರ್ ಅಂತಿಟ್ಟುಕೊಂಡರೆ ಈ ಬೋರ್ಡಿಗೆ ಬರುವುದು 1.27, ಅಂದರೆ ಓಡಿಸಿದಷ್ಟೂ ನಷ್ಟ. 2024ರ ಏಪ್ರಿಲ್‌ನಲ್ಲಿ ಬ್ಲಾಕ್ ಬಹುಮಾನ 6.25 ಬಿಟ್‌ಕಾಯಿನ್‌ನಿಂದ 3.125ಕ್ಕೆ ಇಳಿದ ಮೇಲೆ ಟೆರಾಹ್ಯಾಶಿಗೆ ಸುಮಾರು 34 ಜೂಲ್ ತಿನ್ನುವ ಈ ಮಷೀನಿನ ಪರಿಸ್ಥಿತಿ ಹೀಗೇ ಅಂಚಿನಲ್ಲಿದೆ. ಮುಂದಿನ ಮಾದರಿ ಎಸ್21 ಅದೇ ಕೆಲಸಕ್ಕೆ 17.5 ಜೂಲ್ ತಿನ್ನುತ್ತದೆ. ಒಂದೆರಡು ಚಿಪ್ಪಿನ ಕೆಲಸವಾದರೆ ಮಾಡಿ. ಪ್ಯಾಡ್ ಕಿತ್ತು, ಐದಾರು ಡೊಮೇನ್ ಸುಟ್ಟ ಬೋರ್ಡನ್ನು ಚಿಪ್ ಕೀಳುವ ದಾನಿಯಾಗಿ ಇಟ್ಟುಕೊಳ್ಳುವುದೇ ಲಾಭ.

---

ಹುಬ್ಬಳ್ಳಿ_ಹಾಟ್‌ಏರ್

ದಾನಿ ಬೋರ್ಡಿನ ಚಿಪ್ ಹಾಕೋದಾದ್ರ ಮ್ಯಾಲಿನ ಬರಹ ಓದ್ರಿ. ಬಿಎಂ1398ರಾಗ ಬಿಬಿ, ಎಸಿ ಅಂತ ಬ್ಯಾರೆ ಬ್ಯಾರೆ ಅದಾವ. ಒಂದರ ಜಾಗಾಕ್ಕ ಇನ್ನೊಂದು ಹಾಕಬ್ಯಾಡ್ರಿ. ಡೊಮೇನ್ ಸೀರೀಸ್ ಇರೋದ್ರಿಂದ ಒಬ್ಬಾವ ಕಡಿಮಿ ಕರೆಂಟ್ ತಗೊಂಡ್ರ ಆ ಡೊಮೇನಿನ ವೋಲ್ಟೇಜ್ ಏರತೈತಿ, ಬಾಕಿದವ್ರಿಗೆ ಇಳೀತೈತಿ. ಅಕ್ಷರ ಅಳಿಸಿದ ಚಿಪ್ ಸಸ್ತಾ ಸಿಕ್ರೂ ಬ್ಯಾಡ.

ಶಾರ್ಟ್ ಇರೂ ಬೋರ್ಡ್ ಬಂದಾಗ ಬೆಂಚ್ ಸಪ್ಲೈ ಉಪಯೋಗ ಐತಿ. ಆದ್ರ ಡೊಮೇನಿಗೆ 0.3 ವೋಲ್ಟ್ ದಾಟಬಾರ್ದು, ಕರೆಂಟ್ 3–4 ಆಂಪಿಯರ್ ಮಿತಿ. ಮ್ಯಾಲೆ ಆಲ್ಕೋಹಾಲ್ ಹನಿ ಹಾಕಿದ್ರ ಎಲ್ಲಿ ಮೊದಲ ಆರತೈತಿ ಅಲ್ಲೇ ಶಾರ್ಟ್. 1 ವೋಲ್ಟ್ ಕೊಟ್ಟ ಪುಣ್ಯಾತ್ಮರು ಇದ್ದಾರ, ಪಕ್ಕದ ಒಳ್ಳೆ ಚಿಪ್ಪೂ ಕಳಕೊಂಡ್ರು.

---

ಕರಾವಳಿ_ಕರೆಂಟ್

1–2ರ ನಡುವೆ ಹಿಡಿದಾಗ 1 ಬಂತು. 28–29ರಲ್ಲಿ 28. 29–30ರಲ್ಲಿ 0, ಮೂರು ಸಲ ನೋಡಿದೆ. ಹಾಗಾದರೆ 29 ಅಂತಾಯ್ತು. ಹಳೆ ಚಿಪ್ಪಿನ ಮೇಲೆ ಬಿಬಿ ಉಂಟು, ಅದನ್ನೇ ತರಿಸ್ತೇನೆ. ಹಾಕಿದ ಮೇಲೆ ಪಾಸ್ ಅನ್ನಲಿಕ್ಕೆ ಎಂತೆಂತ ನೋಡಬೇಕು? ಮತ್ತೆ ಆ 31ರ ಬೋರ್ಡ್?

---

ಡೊಮೇನ್_38

29 ಹೌದು. ಹಾಕಿ, ಫ್ಲಕ್ಸ್ ಪೂರ್ತಿ ತೊಳೀರಿ. ಚಿಪ್ಪಿನ ಅಡಿ ಅರ್ಧ ಬೆಂದ ಫ್ಲಕ್ಸ್ ಉಳಿದ್ರೆ ನಿಮ್ಮ ಊರಿನ ತೇವಕ್ಕೆ ಅದು ಕರೆಂಟ್ ಸೋರಿಸುತ್ತೆ. 99 ಪರ್ಸೆಂಟ್ ಐಸೋಪ್ರೊಪೈಲ್, ಮೆದು ಬ್ರಷ್, 60 ಡಿಗ್ರಿಯಲ್ಲಿ ಒಣಗಿಸಿ. ಆಮೇಲೆ ಓಮ್ ಮತ್ತೆ ಅಳೆಯಿರಿ, 15ನೇ ಡೊಮೇನ್ 14 ಮತ್ತು 16ರ ಹಾಗೇ ಇರಬೇಕು. ಅಳೆಯದೆ ಕರೆಂಟ್ ಕೊಡಬೇಡಿ.

ಹೀಟ್‌ಸಿಂಕ್ ಇಲ್ಲದೆ ಚಿಪ್ ಎಣಿಕೆ 76 ಬಂದ ಮೇಲೇ ಹೀಟ್‌ಸಿಂಕ್ ಪೇಸ್ಟ್. ಹಳೆಯದರ ಮೇಲೆ ಹೊಸದು ಬಳಿಯೋದು ಬೇಡ, 76 ಚಿಪ್ಪಿಗೂ ಹೊಸದು, ಒಂದೇ ದಪ್ಪ. ಒಂದು ಚಿಪ್ ಬಿಟ್ಟುಹೋದ್ರೂ ಪ್ಯಾಟರ್ನ್ ಟೆಸ್ಟಿನಲ್ಲಿ ಅದೇ ಮೊದಲು ಹೋಗುತ್ತೆ. ಸ್ಕ್ರೂಗಳನ್ನ ನಡುವಿನಿಂದ ಅಂಚಿಗೆ, ಎರಡು ಸುತ್ತಿನಲ್ಲಿ ಬಿಗಿ ಮಾಡಿ.

ಪ್ಯಾಟರ್ನ್ ಟೆಸ್ಟಿಗೆ ಫ್ಯಾನ್ ಗಾಳಿ ಬೋರ್ಡಿಗೆ ನೇರ ಬೀಳಬೇಕು. ಲಾಗಿನಲ್ಲಿ ಪ್ರತಿ ಚಿಪ್ ಎಷ್ಟು ನಾನ್ಸ್ (ಲೆಕ್ಕದ ಸರಿಯುತ್ತರ) ಕೊಟ್ಟಿದೆ ಅಂತ ಬರುತ್ತೆ. ಎಲ್ಲ ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ಕುಗ್ಗಿದ್ರೆ ಆ ಚಿಪ್ಪಿನ ಬೆಸುಗೆ ಅಥವಾ ಪೇಸ್ಟ್. ಒಂದೇ ಡೊಮೇನಿನ ಎರಡೂ ಕುಗ್ಗಿದ್ರೆ ಮೊದಲು ಆ ಡೊಮೇನಿನ ವೋಲ್ಟೇಜ್ ನೋಡಿ, ಅದು ಸರಿ ಇದ್ರೆ ಎರಡರಲ್ಲಿ ಹೆಚ್ಚು ಕುಗ್ಗಿದ್ದನ್ನ ಬದಲಿಸಿ. ಪಾಸ್ ಆದ ಮೇಲೆ ಬೋರ್ಡ್ ತಣ್ಣಗಾಗಲಿ, ಇನ್ನೊಮ್ಮೆ ಓಡಿಸಿ. ಬಿಸಿಯಲ್ಲಿ ಹಿಡಿದು ತಣ್ಣಗಾದಾಗ ಬಿಡೋ ಬೆಸುಗೆ ಮೊದಲ ಸಲಕ್ಕೆ ಸಿಗಲ್ಲ. ಎರಡು ಪಾಸ್ ಇಲ್ಲದ ಬೋರ್ಡನ್ನ ಮಷೀನಿಗೆ ಹಾಕಬೇಡಿ. ಮಷೀನಿನಲ್ಲಿ ಕನಿಷ್ಠ ಒಂದು ರಾತ್ರಿ.

ಹಾಕುವಾಗ ಅದೇ ಮಷೀನಿಗೇ ವಾಪಸ್ ಹಾಕಿ. ಎಸ್19ರಲ್ಲಿ ಮೂರು ಬೋರ್ಡಿಗೂ ಒಂದೇ ಪವರ್ ಸಪ್ಲೈ, ಒಂದೇ ವೋಲ್ಟೇಜ್. ಹೆಚ್ಚು ವೋಲ್ಟೇಜ್ ಕೇಳೋ ಬೋರ್ಡನ್ನ ಕಡಿಮೆ ಸಾಕಾಗೋ ಎರಡರ ಜೊತೆ ಸೇರಿಸಿದ್ರೆ ಒಂದು ತಪ್ಪು ಲೆಕ್ಕ ಕೊಡುತ್ತೆ ಅಥವಾ ಎರಡು ಸುಮ್ಮನೆ ಬಿಸಿಯಾಗ್ತವೆ. ಬೋರ್ಡಿನ ಈಈಪ್ರಾಮ್ ಅನ್ನೋ ಮೆಮೊರಿ ಚಿಪ್ಪಿನಲ್ಲಿ ಅದರ ಜಾತಕ ಇರುತ್ತೆ, ಒಂದರದ್ದನ್ನ ಇನ್ನೊಂದಕ್ಕೆ ನಕಲು ಮಾಡಿ ಫರ್ಮ್‌ವೇರ್ ಬಾಯಿ ಮುಚ್ಚಿಸೋದು ರಿಪೇರಿ ಅಲ್ಲ.

31ರದ್ದು: ಸಂಪರ್ಕ ಕಡಿಯೋದು 31–32ರ ನಡುವೆ, ಅಂದ್ರೆ 16ನೇ ಡೊಮೇನಿನ ಒಳಗೇ. ಬೆರಳಲ್ಲಿ ಒತ್ತಿ ನೋಡಬೇಡಿ, ಒತ್ತಿದ್ರೆ 76 ಬರುತ್ತೆ, ನಿಮಗೇನೂ ತಿಳಿಯಲ್ಲ. ಬೋರ್ಡ್ ತಣ್ಣಗಿದ್ದಾಗ ಎಣಿಸಿ, ಪ್ರೀಹೀಟರ್ ಮೇಲೆ 60 ಡಿಗ್ರಿಗೆ ತಂದು ಎಣಿಸಿ. ಯಾವಾಗ 31 ಆಗುತ್ತೋ ಆ ಸ್ಥಿತಿಯಲ್ಲಿ 31–32ರ ನಡುವೆ ಸಿಎಲ್‌ಕೆ, ಸಿಓ, ಆರ್‌ಎಸ್‌ಟಿ, ಆರ್‌ಐ ನಾಲ್ಕನ್ನೂ ಅಳೆಯಿರಿ. ಒಂದು ಗೆರೆ ತಪ್ಪಿರುತ್ತೆ. ಮುಂದಕ್ಕೆ ಹೋಗೋ ಮೂರರಲ್ಲಿ ಒಂದು 31 ದಾಟಿ ಬರ್ತಿಲ್ಲ ಅಂದ್ರೆ 31ರ ಔಟ್‌ಪುಟ್ ಕಡೆಯ ಕಾಲು, ಎಲ್ಲ ಬಂದೂ 32 ಉತ್ತರ ಕೊಡ್ತಿಲ್ಲ ಅಂದ್ರೆ 32. ಇಂಥದ್ದಕ್ಕೆ ಹೊಸ ಚಿಪ್ ಬೇಕಾಗೋದು ಅಪರೂಪ. ಫ್ಲಕ್ಸ್ ಹಾಕಿ, ಪ್ರೀಹೀಟ್ ಮಾಡಿ, ಅದೇ ಚಿಪ್ಪನ್ನ ಎತ್ತಿ, ತವರ ಬದಲಿಸಿ ಕೂರಿಸಿ.

---

ಕರಾವಳಿ_ಕರೆಂಟ್

ತಣ್ಣಗಿದ್ದಾಗ 31, 60 ಡಿಗ್ರಿಯಲ್ಲಿ 76. 31 ಇರುವಾಗ ಸಿಎಲ್‌ಕೆ 30–31ರಲ್ಲಿ 0.9, 31–32ರಲ್ಲಿ ಸೊನ್ನೆ. ಉಳಿದ ಮೂರೂ 1.8.

---

ಡೊಮೇನ್_38

31ರ ಕ್ಲಾಕ್ ಔಟ್‌ಪುಟ್ ಕಾಲು. ಎತ್ತಿ ಕೂರಿಸಿ. ತೆಗೆದ ಮೇಲೆ ಆ ಕಾಲಿನ ಪ್ಯಾಡ್ ಬೋರ್ಡಿಗೆ ಅಂಟಿದೆಯಾ, ಎದ್ದಿದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿಯೇ ತವರ ಹಚ್ಚಿ.